ದಾಳಿಯ ಮರುದಿನ ವ್ಯಾಪಾರಕ್ಕೆ ಏನಾಗುತ್ತದೆ? ಸಂಶೋಧಕರು ಲೆಕ್ಕ ಹಾಕುವ ಬಗೆ

ಎಲ್ಲೇ ಭಯೋತ್ಪಾದಕ ದಾಳಿ ನಡೆಯಲಿ, ಮರುದಿನದ ಸುದ್ದಿಯಲ್ಲಿ ಒಂದು ಸಾಲು ಬಂದೇ ಬರುತ್ತದೆ. ಷೇರುಪೇಟೆ ಇಷ್ಟು ಅಂಕ ಕುಸಿಯಿತು, ಇಷ್ಟು ಹೋಟೆಲ್ ಬುಕಿಂಗ್ ರದ್ದಾಯಿತು, ಇಷ್ಟು ಸಾವಿರ ಕೋಟಿ ನಷ್ಟ. ಈ ಅಂಕಿಯನ್ನು ಯಾರು ಎಣಿಸಿದರು, ಏನನ್ನು ಎಣಿಸಿದರು ಎಂದು ಹೇಳುವವರು ಕಡಿಮೆ. ಕೆಲವು ವಾರ ಕಳೆಯುವಷ್ಟರಲ್ಲಿ ಪೇಟೆ ಮತ್ತೆ ಏರಿರುತ್ತದೆ. ಹಾಗಾದರೆ ಮೊದಲು ಹೇಳಿದ ನಷ್ಟ ಎಲ್ಲಿ ಹೋಯಿತು?

ಅರ್ಥಶಾಸ್ತ್ರಜ್ಞರು ಮತ್ತು ವ್ಯವಹಾರಶಾಸ್ತ್ರದ ಸಂಶೋಧಕರು ಈ ಪ್ರಶ್ನೆಯ ಬೆನ್ನು ಹತ್ತಿ ಮೂರು ದಶಕದ ಮೇಲಾಯಿತು. 2001ರ ಸೆಪ್ಟೆಂಬರ್ 11ರ ದಾಳಿಗಳ ನಂತರವಂತೂ ಅಧ್ಯಯನಗಳ ಸುರಿಮಳೆಯೇ ಆಯಿತು. ಅವರು ಕಂಡುಕೊಂಡದ್ದರಲ್ಲಿ ಕೆಲವು ಸಂಗತಿಗಳು ನಾವು ಸುಮ್ನೆ ಊಹಿಸಿಕೊಳ್ಳುವುದಕ್ಕಿಂತ ಬೇರೆ ಇವೆ. ಮೊದಲು ಬುನಾದಿಯಿಂದ ಶುರು ಮಾಡೋಣ.

ಯಾವುದನ್ನು ಭಯೋತ್ಪಾದನೆ ಎಂದು ಎಣಿಸುತ್ತಾರೆ?

ಲೆಕ್ಕ ಶುರುವಾಗುವುದು ಒಂದು ಪಟ್ಟಿಯಿಂದ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ‘ಗ್ಲೋಬಲ್ ಟೆರರಿಸಂ ಡೇಟಾಬೇಸ್’ ಎಂಬ ದೊಡ್ಡ ದಾಖಲೆಯನ್ನು ಕಟ್ಟಿದ್ದಾರೆ. 1970ರಿಂದೀಚೆಗೆ ಜಗತ್ತಿನಲ್ಲಿ ನಡೆದ 2 ಲಕ್ಷಕ್ಕೂ ಹೆಚ್ಚು ಘಟನೆಗಳು ಅದರಲ್ಲಿವೆ. ಅವರ ಅಳತೆಗೋಲು ಸರಳ. ದಾಳಿ ಮಾಡಿದವರು ಸರ್ಕಾರಕ್ಕೆ ಸೇರದವರಾಗಿರಬೇಕು. ಕಾನೂನಿಗೆ ವಿರುದ್ಧವಾದ ಹಿಂಸೆ ಅಥವಾ ಹಿಂಸೆಯ ಬೆದರಿಕೆ ಇರಬೇಕು. ಭಯ ಹುಟ್ಟಿಸಿ ರಾಜಕೀಯ, ಆರ್ಥಿಕ, ಧಾರ್ಮಿಕ ಅಥವಾ ಸಾಮಾಜಿಕ ಗುರಿ ಸಾಧಿಸುವ ಉದ್ದೇಶ ಇರಬೇಕು. ಹಾಗಾಗಿ ಬ್ಯಾಂಕ್ ದರೋಡೆ ಇದರಲ್ಲಿ ಬರುವುದಿಲ್ಲ. ಎರಡು ದೇಶಗಳ ಸೇನೆ ನಡುವಿನ ಯುದ್ಧವೂ ಬರುವುದಿಲ್ಲ.

ಪ್ರತಿ ಘಟನೆಗೂ ದಿನಾಂಕ, ಜಾಗ, ಆಯುಧ, ಸಾವುನೋವು, ಗುರಿ ಯಾರು ಎಂಬ ವಿವರ ಇರುತ್ತದೆ. ಗುರಿಯ ಕಾಲಂನಲ್ಲಿ ಪೊಲೀಸ್, ಸೇನೆ, ಸಾಮಾನ್ಯ ಜನರ ಜೊತೆಗೆ ವ್ಯಾಪಾರ ಸಂಸ್ಥೆಗಳೂ ಪದೇ ಪದೇ ಕಾಣಿಸುತ್ತವೆ. ಕಾರಣ ಕಷ್ಟದ್ದೇನಲ್ಲ. ಸೇನಾ ಠಾಣೆಗೆ ಗೋಡೆ ಕಟ್ಟಬಹುದು, ಕಾವಲು ಹಾಕಬಹುದು. ಅಂಗಡಿ, ಹೋಟೆಲ್ ಬಾಗಿಲು ತೆರೆದಿಟ್ಟರೇ ನಡೆಯುವುದು, ಅಲ್ವಾ? ಇಂಥ ಜಾಗಗಳನ್ನು ಸಂಶೋಧಕರು ‘ಸಾಫ್ಟ್ ಟಾರ್ಗೆಟ್’ ಎನ್ನುತ್ತಾರೆ.

ಈ ದಾಖಲೆಗೂ ತೂತುಗಳಿವೆ. ಹಳೆಯ ವರ್ಷಗಳ ಮಾಹಿತಿ ಕೂಡಿಟ್ಟಿದ್ದು ಪಿಂಕರ್ಟನ್ ಎಂಬ ಖಾಸಗಿ ಭದ್ರತಾ ಕಂಪನಿ. ಅವರು ಕಚೇರಿ ಸ್ಥಳಾಂತರ ಮಾಡುವಾಗ 1993ರ ದಾಖಲೆಗಳು ಕಳೆದುಹೋದವು. ಇವತ್ತಿಗೂ ಆ ದಾಖಲೆ ಬಳಸುವ ಅಧ್ಯಯನಗಳಲ್ಲಿ 1993 ಖಾಲಿ. ಇನ್ನೂ ಮುಖ್ಯವಾದ ಮಿತಿ ಏನೆಂದರೆ, ಮಾಹಿತಿ ಬರುವುದು ಬಹುಪಾಲು ಮಾಧ್ಯಮ ವರದಿಗಳಿಂದ. ವರದಿಗಾರರು ಕಾಲಿಡಲಾಗದ ಕಡೆ ನಡೆದದ್ದು ಪಟ್ಟಿಗೆ ಸೇರದೇ ಉಳಿಯಬಹುದು.

ಒಡೆದದ್ದು ಎಷ್ಟು, ನಿಂತದ್ದು ಎಷ್ಟು

ವ್ಯಾಪಾರಕ್ಕೆ ಬೀಳುವ ಪೆಟ್ಟನ್ನು ಸಂಶೋಧಕರು ಎರಡಾಗಿ ವಿಂಗಡಿಸುತ್ತಾರೆ. ನೇರ ಪೆಟ್ಟು ಎಂದರೆ ಸತ್ತ, ಗಾಯಗೊಂಡ ನೌಕರರು, ಕುಸಿದ ಕಟ್ಟಡ, ಸುಟ್ಟ ಸರಕು, ಹಾಳಾದ ಯಂತ್ರ. ಉಳಿದದ್ದೆಲ್ಲ ಪರೋಕ್ಷ ಪೆಟ್ಟು: ಬಾರದ ಗಿರಾಕಿ, ತಡವಾದ ಸರಕು, ಏರಿದ ವಿಮಾ ಕಂತು, ಕೈಬಿಟ್ಟ ಹೂಡಿಕೆ, ಹೊಸದಾಗಿ ಹೇರಿದ ತಪಾಸಣೆ ನಿಯಮ.

ನೇರ ಪೆಟ್ಟು ಕಣ್ಣಿಗೆ ಕಾಣುತ್ತದೆ. ಆದರೆ ಇಡೀ ಆರ್ಥಿಕತೆಯ ಎದುರು ಇಟ್ಟರೆ ಅದು ಅಚ್ಚರಿ ಹುಟ್ಟಿಸುವಷ್ಟು ಚಿಕ್ಕದು. ಅರ್ಥಶಾಸ್ತ್ರಜ್ಞರಾದ ಗ್ಯಾರಿ ಬೆಕರ್ ಮತ್ತು ಕೆವಿನ್ ಮರ್ಫಿ 2001ರಲ್ಲೇ ಒಂದು ಅಂದಾಜು ಕೊಟ್ಟರು. ಸೆಪ್ಟೆಂಬರ್ 11ರಂದು ಅಮೆರಿಕ ಕಳೆದುಕೊಂಡದ್ದು ತನ್ನ ಒಟ್ಟು ಉತ್ಪಾದಕ ಸಂಪತ್ತಿನ ಶೇ. 0.06ರಷ್ಟು. ಇದು ಸುಮಾರು 3,000 ಜೀವಗಳ ಬೆಲೆ ಕಟ್ಟುವ ಲೆಕ್ಕವಲ್ಲ, ಹಾಗೆ ಓದಿಕೊಳ್ಳಬಾರದು. ದೇಶದ ದುಡಿಯುವ ಶಕ್ತಿ ಎಷ್ಟು ತಗ್ಗಿತು ಎಂದಷ್ಟೇ ಅದು ಹೇಳುತ್ತದೆ.

ಅಷ್ಟು ಚಿಕ್ಕ ಪಾಲು ಹೋದದ್ದಕ್ಕೆ ಅಷ್ಟು ದೊಡ್ಡ ಅಲ್ಲೋಲ ಕಲ್ಲೋಲ ಯಾಕೆ? ಉತ್ತರಕ್ಕೆ ಒಂದು ಕಾರ್ ಕಾರ್ಖಾನೆ ಒಳಗೆ ಹೋಗಬೇಕು.

ಅಮೆರಿಕದ ಇಂಡಿಯಾನಾ ರಾಜ್ಯದ ಪ್ರಿನ್ಸ್‌ಟನ್‌ನಲ್ಲಿ ಟೊಯೊಟಾ ಕಂಪನಿ ಸಿಕೋಯಾ ಎಂಬ ದೊಡ್ಡ ಗಾಡಿ ತಯಾರಿಸುತ್ತಿತ್ತು. ಅದರ ಸ್ಟೀರಿಂಗ್‌ಗೆ ಬೇಕಾದ ಸೆನ್ಸರ್ ಜರ್ಮನಿಯಿಂದ ವಿಮಾನದಲ್ಲಿ ಬರುತ್ತಿತ್ತು. ದಾಳಿಯ ನಂತರ ವಿಮಾನಗಳು ನಿಂತವು. ಕಾರ್ಖಾನೆಗೂ ನ್ಯೂಯಾರ್ಕಿಗೂ ನೂರಾರು ಮೈಲಿ ದೂರ. ಅಲ್ಲಿ ಒಂದು ಗಾಜೂ ಒಡೆದಿರಲಿಲ್ಲ. ಆದರೂ ಇನ್ನು ಕೆಲವೇ ಗಂಟೆಗಳಲ್ಲಿ ಕೆಲಸ ನಿಲ್ಲಿಸಬೇಕು ಎಂಬ ಸ್ಥಿತಿ ಬಂತು. ಫೋರ್ಡ್ ಕಂಪನಿಯದ್ದು ಇನ್ನೂ ಕಷ್ಟ. ಕೆನಡಾ ಮತ್ತು ಮೆಕ್ಸಿಕೊ ಗಡಿಗಳಲ್ಲಿ ತಪಾಸಣೆ ಬಿಗಿಯಾಗಿ ಬಿಡಿಭಾಗಗಳ ಲಾರಿಗಳು ಸಾಲುಗಟ್ಟಿ ನಿಂತವು. ಕಂಪನಿ ಹಲವು ಅಸೆಂಬ್ಲಿ ಲೈನ್‌ಗಳನ್ನು ಆಗಾಗ ನಿಲ್ಲಿಸಬೇಕಾಯಿತು.

ಈ ಎರಡೂ ಪ್ರಸಂಗಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಯೋಸಿ ಶೆಫಿ ಅದೇ ವರ್ಷ ದಾಖಲಿಸಿದರು. ಕಂಪನಿಗಳು ಗೋದಾಮಿನ ಖರ್ಚು ಉಳಿಸಲು ಬಿಡಿಭಾಗಗಳನ್ನು ಬೇಕಾದ ಹೊತ್ತಿಗೆ ಬೇಕಾದಷ್ಟೇ ತರಿಸಿಕೊಳ್ಳುವ ಪದ್ಧತಿಗೆ ಒಗ್ಗಿಹೋಗಿದ್ದವು. ಎಲ್ಲ ಸರಿಯಿದ್ದಾಗ ಇದು ಲಾಭದ ಪದ್ಧತಿ. ಗಡಿ ಒಂದು ದಿನ ಮುಚ್ಚಿದರೆ ಕೈಯಲ್ಲಿ ಏನೂ ಇರುವುದಿಲ್ಲ. ಶೆಫಿ ಹೇಳಿದ್ದು ಇಷ್ಟು: ಇನ್ನು ಮೇಲೆ ಸ್ವಲ್ಪ ಸರಕನ್ನು ‘ಏನಾದರೂ ಆದರೆ’ ಎಂದು ಎತ್ತಿಡಬೇಕು, ದೂರದ ಅಗ್ಗದ ಪೂರೈಕೆದಾರನ ಜೊತೆ ಹತ್ತಿರದ ದುಬಾರಿ ಪೂರೈಕೆದಾರನನ್ನೂ ಇಟ್ಟುಕೊಳ್ಳಬೇಕು. ಹಾಗೆ ಎತ್ತಿಟ್ಟ ಸರಕಿನಲ್ಲಿ ಸಿಕ್ಕಿಹಾಕಿಕೊಂಡ ಬಂಡವಾಳ, ಕೊಟ್ಟ ಹೆಚ್ಚಿನ ಬೆಲೆ ಟೀವಿಯ ನಷ್ಟದ ಪಟ್ಟಿಯಲ್ಲಿ ಬರುವುದಿಲ್ಲ. ವರ್ಷಾನುಗಟ್ಟಲೆ ಸದ್ದಿಲ್ಲದೆ ಲೆಕ್ಕದ ಪುಸ್ತಕದೊಳಗೆ ಕೂತಿರುತ್ತದೆ.

ನಡೆಯದೇ ಹೋದದ್ದನ್ನು ಅಳೆಯುವುದು ಹೇಗೆ?

ಸಂಶೋಧನೆಯ ಅಸಲಿ ಕಷ್ಟ ಇರುವುದು ಇಲ್ಲಿ. ಒಡೆದ ಕಿಟಕಿಯನ್ನು ಎಣಿಸಬಹುದು. ಶುರುವಾಗದೇ ಹೋದ ಕಾರ್ಖಾನೆಯನ್ನು ಎಣಿಸುವುದು ಹೇಗೆ? ‘ಭಯೋತ್ಪಾದನೆ ಇಲ್ಲದೇ ಇದ್ದಿದ್ದರೆ ಈ ಪ್ರದೇಶ ಹೇಗಿರುತ್ತಿತ್ತು’ ಎಂಬ ಪ್ರಶ್ನೆಗೆ ಉತ್ತರ ಬೇಕು. ಅಂಥ ಪ್ರದೇಶವೊಂದು ಎಲ್ಲೂ ಇಲ್ಲ.

ಒಂದೇ ತಳಿಯ ಎರಡು ಸಸಿ ನೆಟ್ಟಿದ್ದೀರಿ ಅಂದುಕೊಳ್ಳಿ. ಒಂದಕ್ಕೆ ಹುಳ ಬಿತ್ತು. ಹುಳದಿಂದ ಎಷ್ಟು ಹಾಳಾಯಿತು ಎಂದು ತಿಳಿಯಲು ಪಕ್ಕದ ಸಸಿಯ ಎತ್ತರ ನೋಡಿದರೆ ಸಾಕು. ಆದರೆ ಪಕ್ಕದಲ್ಲಿ ಅದೇ ತಳಿಯ ಸಸಿ ಇಲ್ಲದಿದ್ದರೆ?

2003ರಲ್ಲಿ ಆಲ್ಬರ್ಟೊ ಅಬಾಡಿ ಮತ್ತು ಹಾವಿಯೆರ್ ಗಾರ್ದೆಯಾಸಾಬಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದಕ್ಕೆ ಒಂದು ಉಪಾಯ ಹುಡುಕಿದರು. ಅವರು ನೋಡಿದ್ದು ಸ್ಪೇನಿನ ಬಾಸ್ಕ್ ಪ್ರದೇಶವನ್ನು. ಅಲ್ಲಿ ಪ್ರತ್ಯೇಕ ದೇಶ ಬೇಕೆಂದು ಈಟಿಎ ಎಂಬ ಸಶಸ್ತ್ರ ಸಂಘಟನೆ ದಶಕಗಳ ಕಾಲ ದಾಳಿ ನಡೆಸಿತು. 800ಕ್ಕೂ ಹೆಚ್ಚು ಜನರನ್ನು ಕೊಂದಿತು. ಉದ್ಯಮಿಗಳೆಂದರೆ ಅದಕ್ಕೆ ವಿಶೇಷ ಕಣ್ಣು. ಅವರನ್ನು ಅಪಹರಿಸುವುದು, ‘ಕ್ರಾಂತಿಕಾರಿ ತೆರಿಗೆ’ ಎಂಬ ಹೆಸರಿನಲ್ಲಿ ಹಫ್ತಾ ವಸೂಲಿ ಮಾಡುವುದು ನಡೆದೇ ಇತ್ತು. 1970ರ ದಶಕದ ಆರಂಭದಲ್ಲಿ ತಲಾ ಆದಾಯದಲ್ಲಿ ಬಾಸ್ಕ್ ಪ್ರದೇಶ ಸ್ಪೇನಿನ 17 ಪ್ರದೇಶಗಳ ಪೈಕಿ ಮೂರನೆಯದಾಗಿತ್ತು. 1990ರ ದಶಕದ ಕೊನೆಗೆ ಆರನೆಯ ಸ್ಥಾನಕ್ಕೆ ಜಾರಿತ್ತು.

ಜಾರಿದ್ದು ಭಯೋತ್ಪಾದನೆಯಿಂದಲೇ ಎಂದು ಹೇಳಿಬಿಡಬಹುದಾ? ಆಗುವುದಿಲ್ಲ. ಅದೇ ಕಾಲದಲ್ಲಿ ಯುರೋಪಿನ ಉಕ್ಕು, ಹಡಗು ಉದ್ಯಮಗಳೇ ಸೊರಗುತ್ತಿದ್ದವು. ಬಾಸ್ಕ್ ನಿಂತಿದ್ದೇ ಆ ಉದ್ಯಮಗಳ ಮೇಲೆ. ಹಾಗಾಗಿ ಸುಮ್ನೆ ಸ್ಪೇನಿನ ಸರಾಸರಿ ಜೊತೆ ಹೋಲಿಸಿದರೆ ಮೋಸ ಹೋದಂತೆ.

ಅವರು ಮಾಡಿದ್ದು ಇದು. ಸ್ಪೇನಿನ ಉಳಿದ ಪ್ರದೇಶಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಕಾಗದದ ಮೇಲೊಂದು ಪ್ರದೇಶ ಕಟ್ಟಿದರು. ಹಿಂಸೆ ಜೋರಾಗುವ ಮೊದಲು ಆದಾಯ, ಉದ್ಯಮ, ಶಿಕ್ಷಣ, ಜನಸಾಂದ್ರತೆ ಹೀಗೆ ಎಲ್ಲದರಲ್ಲೂ ಅದು ಬಾಸ್ಕ್‌ಗೆ ಹತ್ತಿರ ಇರಬೇಕು. ಲೆಕ್ಕ ಹಾಕಿದಾಗ ಸುಮಾರು ಶೇ. 85 ಕ್ಯಾಟಲೋನಿಯಾ, ಶೇ. 15 ಮ್ಯಾಡ್ರಿಡ್ ಸೇರಿಸಿದರೆ ಸರಿಹೊಂದುತ್ತದೆ ಎಂದು ಬಂತು. ದಾಳಿಗಳು ಹೆಚ್ಚುವ ತನಕ ಎರಡರ ಆದಾಯದ ಗೆರೆ ಒಟ್ಟೊಟ್ಟಿಗೆ ಸಾಗುತ್ತದೆ. 1970ರ ದಶಕದ ಮಧ್ಯದ ನಂತರ ಬೇರೆಯಾಗುತ್ತದೆ. ನಿಜವಾದ ಬಾಸ್ಕ್‌ನ ತಲಾ ಆದಾಯ ಕಾಗದದ ಬಾಸ್ಕ್‌ಗಿಂತ ಸರಾಸರಿ ಶೇ. 10ರಷ್ಟು ಕೆಳಗೆ ಉಳಿಯಿತು. ಸಾವುಗಳು ಹೆಚ್ಚಾದ ಕಾಲದಲ್ಲಿ ಅಂತರವೂ ಹಿಗ್ಗಿತು.

ಈ ಉಪಾಯಕ್ಕೆ ‘ಸಿಂಥೆಟಿಕ್ ಕಂಟ್ರೋಲ್’ ಎಂಬ ಹೆಸರು ಬಂತು. ಈಗ ಇದು ಭಯೋತ್ಪಾದನೆಯ ಅಧ್ಯಯನ ದಾಟಿ ಆರೋಗ್ಯ, ತೆರಿಗೆ, ಶಿಕ್ಷಣ ನೀತಿಗಳ ಪರಿಣಾಮ ಅಳೆಯಲೂ ಬಳಕೆಯಾಗುತ್ತಿದೆ.

ಅವರು ಅಲ್ಲಿಗೇ ನಿಲ್ಲಲಿಲ್ಲ. 1998ರ ಸೆಪ್ಟೆಂಬರ್‌ನಲ್ಲಿ ಈಟಿಎ ಕದನ ವಿರಾಮ ಘೋಷಿಸಿತು. 1999ರ ಕೊನೆಯಲ್ಲಿ ಅದನ್ನು ಮುರಿಯಿತು. ಬಾಸ್ಕ್ ಪ್ರದೇಶದಲ್ಲಿ ಹೆಚ್ಚು ವ್ಯವಹಾರ ಇದ್ದ ಕಂಪನಿಗಳ ಷೇರು ಬೆಲೆ ಈ ಅವಧಿಯಲ್ಲಿ ಏನಾಯಿತು ಎಂದು ನೋಡಿದರು. ಶಾಂತಿ ನಿಲ್ಲಬಹುದು ಅನ್ನಿಸಿದಾಗ ಅವು ಉಳಿದ ಕಂಪನಿಗಳಿಗಿಂತ ಚೆನ್ನಾಗಿ ಏರಿದವು. ವಿರಾಮ ಮುರಿದುಬೀಳುವ ಹೊತ್ತಿಗೆ ಉಳಿದವುಗಳಿಗಿಂತ ಹಿಂದೆ ಬಿದ್ದವು. ಎರಡು ಬೇರೆ ಬೇರೆ ದಾರಿಯಲ್ಲಿ ಹೋದರೂ ಉತ್ತರ ಒಂದೇ ದಿಕ್ಕಿಗೆ ಬೆರಳು ಮಾಡಿತು. ಈ ಅಧ್ಯಯನವನ್ನು ಇವತ್ತಿಗೂ ಜನ ನಂಬುವುದಕ್ಕೆ ಅದೇ ಮುಖ್ಯ ಕಾರಣ ಎಂದು ನನಗೆ ತೋರುತ್ತದೆ.

ಷೇರುಪೇಟೆಯ ಕುಸಿತವನ್ನು ಹೇಗೆ ಓದಬೇಕು?

ಪೇಟೆ ಬಿದ್ದ ಮಾತ್ರಕ್ಕೆ ದಾಳಿಯೇ ಕಾರಣ ಎನ್ನಲಾಗದು. ಅದೇ ದಿನ ತೈಲದ ಬೆಲೆ ಏರಿರಬಹುದು, ಯಾವುದೋ ಬ್ಯಾಂಕ್ ಕೆಟ್ಟ ಸುದ್ದಿ ಕೊಟ್ಟಿರಬಹುದು. ಇದನ್ನು ಬೇರ್ಪಡಿಸಲು ಸಂಶೋಧಕರು ‘ಈವೆಂಟ್ ಸ್ಟಡಿ’ ಎಂಬ ವಿಧಾನ ಬಳಸುತ್ತಾರೆ. ಒಂದು ಕಂಪನಿಯ ಷೇರು ಇಡೀ ಪೇಟೆಯ ಏರಿಳಿತಕ್ಕೆ ಮಾಮೂಲಿಯಾಗಿ ಹೇಗೆ ಸ್ಪಂದಿಸುತ್ತದೆ ಎಂದು ಹಳೆಯ ಅಂಕಿಗಳಿಂದ ತಿಳಿದುಕೊಳ್ಳುತ್ತಾರೆ. ಘಟನೆಯ ದಿನ ಅದು ಎಷ್ಟಿರಬೇಕಿತ್ತು ಎಂದು ಲೆಕ್ಕ ಹಾಕುತ್ತಾರೆ. ನಿಜವಾದ ಬೆಲೆಗೂ ಈ ಅಂದಾಜಿಗೂ ನಡುವಿನ ವ್ಯತ್ಯಾಸವೇ ಘಟನೆಯ ಪಾಲು.

ಆಂಡ್ರ್ಯೂ ಕ್ಯಾರೋಲಿ ಮತ್ತು ರೊಡಾಲ್ಫೊ ಮಾರ್ಟೆಲ್ ಈ ವಿಧಾನದಲ್ಲಿ 1995ರಿಂದ 2002ರ ನಡುವಿನ 75 ದಾಳಿಗಳನ್ನು ನೋಡಿದರು. ಎಲ್ಲವೂ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳನ್ನೇ ಗುರಿ ಮಾಡಿದ ದಾಳಿಗಳು. ದಾಳಿಯ ದಿನ ಷೇರು ಬೆಲೆ ಸರಾಸರಿ ಶೇ. 0.83ರಷ್ಟು ಇಳಿದಿತ್ತು. ಕೇಳಲು ಚಿಕ್ಕದು. ಆದರೆ ಇವೆಲ್ಲ ದೊಡ್ಡ ದೊಡ್ಡ ಕಂಪನಿಗಳು, ಹಾಗಾಗಿ ಒಂದು ದಾಳಿಗೆ ಒಂದು ಕಂಪನಿಯ ಮೌಲ್ಯದಲ್ಲಿ ಸರಾಸರಿ ಸುಮಾರು 40 ಕೋಟಿ ಡಾಲರ್ ಕರಗಿದಂತೆ.

ನನಗೆ ಇದಕ್ಕಿಂತ ಕುತೂಹಲ ಅನ್ನಿಸಿದ್ದು ಇನ್ನೊಂದು ಫಲಿತಾಂಶ. ಕಟ್ಟಡ, ಪೈಪ್‌ಲೈನ್ ಸ್ಫೋಟಿಸಿದಾಗ ಬಿದ್ದದ್ದಕ್ಕಿಂತ ಅಧಿಕಾರಿಗಳನ್ನು ಅಪಹರಿಸಿದಾಗ ಷೇರು ಹೆಚ್ಚು ಬಿದ್ದಿತ್ತು. ಪೈಪ್‌ಲೈನ್ ಮತ್ತೆ ಹಾಕಬಹುದು, ವಿಮೆಯೂ ಇರುತ್ತದೆ. ಅನುಭವಿ ಮನುಷ್ಯನ ಜಾಗ ತುಂಬುವುದು ಹಾಗಲ್ಲ. ಒಬ್ಬನ ಅಪಹರಣವಾದ ಜಾಗಕ್ಕೆ ಇನ್ನೊಬ್ಬನನ್ನು ಕಳಿಸುವುದಂತೂ ಇನ್ನೂ ಕಷ್ಟ.

ಇಡೀ ಪೇಟೆಯ ವಿಷಯ ಬೇರೆ. 2001ರ ದಾಳಿಯ ನಂತರ ನ್ಯೂಯಾರ್ಕ್ ಷೇರುಪೇಟೆ ಮುಚ್ಚಿತು. ಸೆಪ್ಟೆಂಬರ್ 17ರಂದು ಮತ್ತೆ ತೆರೆದಾಗ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ 684 ಅಂಕ, ಅಂದರೆ ಶೇ. 7ಕ್ಕೂ ಹೆಚ್ಚು ಬಿತ್ತು. ವಿಮಾನಯಾನ ಕಂಪನಿಗಳ ಷೇರು ನೆಲ ಕಚ್ಚಿದವು. ಆದರೂ ವರ್ಷ ಮುಗಿಯುವುದರೊಳಗೆ ಸೂಚ್ಯಂಕ ದಾಳಿಯ ಹಿಂದಿನ ಮಟ್ಟಕ್ಕೆ ಮರಳಿತ್ತು. 1915ರಿಂದ ಈಚಿನ 14 ಭಯೋತ್ಪಾದಕ ಮತ್ತು ಸೇನಾ ದಾಳಿಗಳನ್ನು ಹೋಲಿಸಿ ನೋಡಿದ ಆಂಡ್ರ್ಯೂ ಚೆನ್ ಮತ್ತು ಥಾಮಸ್ ಸೀಮ್ಸ್, ಅಮೆರಿಕದ ಪೇಟೆ ಹಿಂದಿಗಿಂತ ಬೇಗ ಚೇತರಿಸಿಕೊಳ್ಳುತ್ತಿದೆ ಎಂದರು. ಗಟ್ಟಿಯಾದ ಬ್ಯಾಂಕಿಂಗ್ ವ್ಯವಸ್ಥೆ ಅದಕ್ಕೊಂದು ಕಾರಣ. ದಾಳಿಯ ದಿನವೇ ಅಮೆರಿಕದ ಕೇಂದ್ರ ಬ್ಯಾಂಕ್ ‘ನಾವು ತೆರೆದಿದ್ದೇವೆ, ಹಣ ಬೇಕಾದರೆ ಕೊಡುತ್ತೇವೆ’ ಎಂದು ಬ್ಯಾಂಕುಗಳಿಗೆ ಹೇಳಿತ್ತು. ಹಣದ ಹರಿವು ಕಟ್ಟಿಹೋಗದಿದ್ದರೆ ಗಾಬರಿಯಿಂದ ಮಾರುವವರ ಸಂಖ್ಯೆಯೂ ಮಿತಿಯಲ್ಲಿರುತ್ತದೆ.

ಹಾಗಂತ ಸೂಚ್ಯಂಕ ಮೇಲೆ ಬಂದದ್ದನ್ನು ನೋಡಿ ವ್ಯಾಪಾರಕ್ಕೆ ಏನೂ ಆಗಲಿಲ್ಲ ಎನ್ನುವುದು ತಪ್ಪು ಓದು. ಸೂಚ್ಯಂಕ ದೊಡ್ಡ ಕಂಪನಿಗಳ ಸರಾಸರಿ. ಅದರೊಳಗೆ ಬಿದ್ದವರೂ ಇರುತ್ತಾರೆ, ಎದ್ದವರೂ ಇರುತ್ತಾರೆ. ಇಸ್ರೇಲ್ ಕಂಪನಿಗಳನ್ನು ನೋಡಿದ ಕ್ಲಾಡ್ ಬೆರೆಬಿ ಮತ್ತು ಎಸ್ಟೆಬಾನ್ ಕ್ಲೋರ್, ಭಯೋತ್ಪಾದನೆಯಿಂದ ಸಾಮಾನ್ಯ ಕಂಪನಿಗಳ ಷೇರಿಗೆ ಪೆಟ್ಟು ಬಿದ್ದರೆ ರಕ್ಷಣೆ ಮತ್ತು ಭದ್ರತಾ ಕಂಪನಿಗಳ ಷೇರಿಗೆ ಲಾಭವಾಗಿದೆ ಎಂದು ತೋರಿಸಿದರು. ಕ್ಯಾಮೆರಾ, ಸ್ಕ್ಯಾನರ್, ಕಾವಲು ಸೇವೆ ಮಾರುವವರಿಗೆ ಬೇಡಿಕೆ ಬರುವುದು ಇಂಥ ಹೊತ್ತಲ್ಲೇ.

ಗಿರಾಕಿ ಯಾಕೆ ಬರುವುದಿಲ್ಲ?

ಭಯಕ್ಕೆ ಎಲ್ಲರೂ ಒಂದೇ ಥರ ಸ್ಪಂದಿಸುತ್ತಾರಾ? ಗ್ಯಾರಿ ಬೆಕರ್ ಮತ್ತು ಯೋನಾ ರೂಬಿನ್‌ಸ್ಟೈನ್ ಇಸ್ರೇಲಿನ ಬಸ್ಸು ಮತ್ತು ಕಾಫಿ ಅಂಗಡಿಗಳ ಅಂಕಿ ತೆಗೆದುಕೊಂಡು ಇದನ್ನು ನೋಡಿದರು. ಆಗ ಅಲ್ಲಿ ಬಸ್ಸು ಮತ್ತು ಕೆಫೆಗಳ ಮೇಲೆ ಆತ್ಮಾಹುತಿ ದಾಳಿಗಳು ನಡೆಯುತ್ತಿದ್ದವು.

ದಾಳಿಯ ನಂತರ ಬಸ್ ಪ್ರಯಾಣಿಕರು ಕಡಿಮೆಯಾದದ್ದು ನಿಜ. ಆದರೆ ಕಡಿಮೆಯಾದವರು ಅಪರೂಪಕ್ಕೆ ಬಸ್ ಹತ್ತುವವರು. ದಿನಾ ಓಡಾಡುವವರ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾಫಿ ಅಂಗಡಿಯಲ್ಲೂ ಅದೇ ಕಥೆ. ಆಗೊಮ್ಮೆ ಈಗೊಮ್ಮೆ ಬರುವವರು ನಿಂತರು, ಖಾಯಂ ಗಿರಾಕಿಗಳು ಬರುತ್ತಲೇ ಇದ್ದರು. ಕೆಲಸಕ್ಕೆ ಹೋಗಲೇಬೇಕಾದವನಿಗೆ ಬೇರೆ ದಾರಿ ಇಲ್ಲ ಎಂದಷ್ಟೇ ಇದನ್ನು ವಿವರಿಸಿದರೆ ಸಾಲದು, ಕಾಫಿ ಕುಡಿಯಲೇಬೇಕು ಎಂದೇನಿಲ್ಲವಲ್ಲ. ಅವರ ವಿವರಣೆ ಬೇರೆ. ಭಯವನ್ನು ಹತೋಟಿಗೆ ತಂದುಕೊಳ್ಳಲೂ ಮನಸ್ಸಿಗೆ ಒಂದಿಷ್ಟು ಶ್ರಮ ಬೇಕು. ದಿನಾ ಬರುವವನಿಗೆ ಆ ಶ್ರಮ ಹಾಕಿದ್ದು ಸಾರ್ಥಕವಾಗುತ್ತದೆ. ವರ್ಷಕ್ಕೆರಡು ಸಲ ಬರುವವನಿಗೆ ಬಾರದೇ ಇರುವುದೇ ಸುಲಭ.

ಇನ್ನೊಂದು ಅಂಶವನ್ನೂ ಅವರು ಗಮನಿಸಿದರು. ವಾರಾಂತ್ಯ ಅಥವಾ ಹಬ್ಬದ ರಜೆಯ ಹಿಂದಿನ ದಿನ ದಾಳಿ ನಡೆದರೆ, ಮರುದಿನ ಮಾಧ್ಯಮಗಳಲ್ಲಿ ಎಂದಿನಷ್ಟು ಸುದ್ದಿ ಇರುತ್ತಿರಲಿಲ್ಲ. ಅಂಥ ದಾಳಿಗಳ ಪರಿಣಾಮ ಕಾಣಿಸಲೇ ಇಲ್ಲ. ಅಪಾಯ ಅಷ್ಟೇ ಇದ್ದರೂ ಅದನ್ನು ನೋಡಿದ, ಓದಿದ ಪ್ರಮಾಣ ಬದಲಾದರೆ ವ್ಯಾಪಾರ ಬದಲಾಗುತ್ತದೆ.

ವಿಮಾನ ಪ್ರಯಾಣದ ಲೆಕ್ಕವನ್ನು ಹರುಮಿ ಇಟೊ ಮತ್ತು ಡ್ಯಾರಿನ್ ಲೀ ಮಾಡಿದರು. 2001ರ ದಾಳಿಯ ನಂತರ ಅಮೆರಿಕದಲ್ಲಿ ಬೇಡಿಕೆ ತಕ್ಷಣ ಶೇ. 30ಕ್ಕೂ ಹೆಚ್ಚು ಬಿತ್ತು. ಅದು ಮೆಲ್ಲಗೆ ಸರಿಹೋಯಿತು. ಅದರ ಜೊತೆಗೆ ಸುಮಾರು ಶೇ. 7ರಷ್ಟು ಇಳಿಕೆ ಮಾತ್ರ ಬೇಗ ಹೋಗಲಿಲ್ಲ. ಎಲ್ಲವೂ ಭಯದಿಂದಲೇ ಅಲ್ಲ. ಲಗೇಜ್ ತಪಾಸಣೆ ಬಿಗಿಯಾದ ಕಾರಣಕ್ಕೇ ಪ್ರಯಾಣಿಕರು ಶೇ. 6ರಷ್ಟು ಕಡಿಮೆಯಾದರು ಎಂದು ಇನ್ನೊಂದು ಅಧ್ಯಯನ ಅಂದಾಜಿಸಿತು. ಸಾಲಿನಲ್ಲಿ ನಿಲ್ಲುವ ಬೇಸರಕ್ಕೆ ಹತ್ತಿರದ ಊರಿಗೆ ಕಾರಿನಲ್ಲೇ ಹೋದವರು ಅವರು. ವಿಮಾನ ಬಿಟ್ಟು ರಸ್ತೆಗಿಳಿದವರಿಂದ ಆದ ದುರಂತವೂ ಇದೆ. ದಾಳಿಯ ನಂತರದ ಒಂದು ವರ್ಷದಲ್ಲಿ ಅಮೆರಿಕದ ರಸ್ತೆಗಳಲ್ಲಿ ಹೀಗೆ ಸುಮಾರು 1,500 ಜನ ಹೆಚ್ಚುವರಿಯಾಗಿ ಸತ್ತರು ಎಂಬುದು ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಅವರ ಅಂದಾಜು.

ಪ್ರವಾಸೋದ್ಯಮಕ್ಕೆ ಬೀಳುವ ಪೆಟ್ಟು ಎಲ್ಲರಿಗೂ ಗೊತ್ತಿರುವುದೇ. ಅದು ತಡವಾಗಿ ಬರುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಟಿಕೆಟ್ ಮೊದಲೇ ತೆಗೆದವರು ಬರುತ್ತಾರೆ. ಬುಕ್ ಮಾಡಬೇಕೆಂದಿದ್ದವರು ಬೇರೆ ಊರು ಆರಿಸಿಕೊಳ್ಳುತ್ತಾರೆ. ಗ್ರೀಸ್, ಇಸ್ರೇಲ್, ಟರ್ಕಿ ಮೂರನ್ನೂ ಒಟ್ಟಿಗೆ ನೋಡಿದಾಗ ಒಂದು ಕಡೆಯ ದಾಳಿ ಇನ್ನೊಂದು ಕಡೆಗೆ ಪ್ರವಾಸಿಗರನ್ನು ತಳ್ಳುವುದು ಕಂಡುಬಂತು. ಜಗತ್ತಿನ ಒಟ್ಟು ಪ್ರವಾಸದಲ್ಲಿ ಅಷ್ಟೇನೂ ವ್ಯತ್ಯಾಸ ಆಗದಿರಬಹುದು, ಒಂದು ಊರಿನ ಪೂರ್ತಿ ಹಂಗಾಮು ಮಾತ್ರ ಕೈತಪ್ಪುತ್ತದೆ.

ಹೋಗಬಲ್ಲ ದುಡ್ಡು ಹೊರಟುಹೋಗುತ್ತದೆ

ವಿದೇಶಿ ನೇರ ಹೂಡಿಕೆ ಎಂದರೆ ಒಂದು ದೇಶದ ಕಂಪನಿ ಇನ್ನೊಂದು ದೇಶದಲ್ಲಿ ಕಾರ್ಖಾನೆ, ಕಚೇರಿ ಕಟ್ಟುವುದು ಅಥವಾ ಅಲ್ಲಿನ ಕಂಪನಿ ಕೊಳ್ಳುವುದು. ಈ ದುಡ್ಡು ತಂಗಲು ಹತ್ತು ಜಾಗ ಇರುತ್ತದೆ. ಒಂದು ಜಾಗದಲ್ಲಿ ಅಪಾಯ ಸ್ವಲ್ಪ ಹೆಚ್ಚಾದರೂ ಪಕ್ಕಕ್ಕೆ ಸರಿಯಬಹುದು. ವಾಲ್ಟರ್ ಎಂಡರ್ಸ್ ಮತ್ತು ಟಾಡ್ ಸ್ಯಾಂಡ್ಲರ್ 1996ರಲ್ಲಿ ಇದಕ್ಕೆ ಅಂಕಿ ಕೊಟ್ಟರು. ಭಯೋತ್ಪಾದನೆಯಿಂದ ವರ್ಷದ ವಿದೇಶಿ ನೇರ ಹೂಡಿಕೆ ಸ್ಪೇನಿನಲ್ಲಿ ಶೇ. 13.5, ಗ್ರೀಸ್‌ನಲ್ಲಿ ಶೇ. 11.9ರಷ್ಟು ತಗ್ಗಿತ್ತು. ಎರಡೂ ಮಧ್ಯಮ ಗಾತ್ರದ ಆರ್ಥಿಕತೆಗಳು. ದೊಡ್ಡ ದೇಶಕ್ಕಾದರೆ ಇದೇ ಪೆಟ್ಟು ಅಷ್ಟು ತಾಗುವುದಿಲ್ಲ. ಕಾರ್ಖಾನೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬಹುದು, ದೇಶ ಬಿಡುವುದಿಲ್ಲ.

ಆಮದು ರಫ್ತಿನ ಮೇಲೂ ಪರಿಣಾಮ ಇದೆ. ದಾಳಿಗಳ ಸಂಖ್ಯೆ ಇಮ್ಮಡಿಯಾದರೆ ಎರಡು ದೇಶಗಳ ನಡುವಿನ ವ್ಯಾಪಾರ ಸುಮಾರು ಶೇ. 4ರಷ್ಟು ತಗ್ಗುತ್ತದೆ ಎಂದು ಫೋಲ್ಕರ್ ನಿಟ್ಷ್ ಮತ್ತು ಡೀಟರ್ ಶೂಮಾಕರ್ 2004ರಲ್ಲಿ ಅಂದಾಜಿಸಿದರು. ಬಂದರಿನಲ್ಲಿ ತಪಾಸಣೆ, ಸಾಗಾಣಿಕೆ ವಿಮೆ, ಕಾಯುವ ದಿನಗಳು ಎಲ್ಲ ಸೇರಿ ಕಣ್ಣಿಗೆ ಕಾಣದ ಸುಂಕದಂತೆ ಬೆಲೆಗೆ ಅಂಟಿಕೊಳ್ಳುತ್ತವೆ.

ಒಂದೇ ನಗರದೊಳಗೂ ದುಡ್ಡು ಸರಿಯುತ್ತದೆ. 2001ರಲ್ಲಿ ಶಿಕಾಗೊ ಮೇಲೆ ದಾಳಿಯೇ ಆಗಿರಲಿಲ್ಲ. ಆದರೂ ಅಲ್ಲಿನ ಸಿಯರ್ಸ್ ಟವರ್ ಸೇರಿದಂತೆ ಮೂರು ಹೆಸರಾಂತ ಗಗನಚುಂಬಿಗಳಲ್ಲಿ ಮತ್ತು ಅವುಗಳ ಆಸುಪಾಸಿನಲ್ಲಿ ಖಾಲಿ ಕಚೇರಿಗಳು ನಗರದ ಉಳಿದ ಕಟ್ಟಡಗಳಿಗಿಂತ ಹೆಚ್ಚು ವೇಗವಾಗಿ ಏರಿದವು. ‘ಮುಂದಿನ ಸರದಿ ನಮ್ಮದಾದರೆ’ ಎಂದು ಬಾಡಿಗೆದಾರರು ಎದ್ದು ಹೋಗಿದ್ದರು.

ಅಂಕಿಗಳ ನಡುವಿನ ಜಗಳ

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುತ್ತಿಲ್ಲ. 177 ದೇಶಗಳ 1968ರಿಂದ 2000ರವರೆಗಿನ ಅಂಕಿ ನೋಡಿದ ಬ್ರಾಕ್ ಬ್ಲೋಂಬರ್ಗ್ ಮತ್ತು ಸಂಗಡಿಗರಿಗೆ ಬೆಳವಣಿಗೆ ಮೇಲಿನ ಪರಿಣಾಮ ಸಾಧಾರಣ ಎಂದು ಕಂಡಿತು. ಇಸ್ರೇಲನ್ನು ನೋಡಿದ ಜ್ವಿ ಎಕ್‌ಸ್ಟೈನ್ ಮತ್ತು ಡೇನಿಯಲ್ ಸಿಡನ್‌ಗೆ ಮೂರು ವರ್ಷದ ಸತತ ಹಿಂಸೆಯಿಂದ ತಲಾ ಉತ್ಪಾದನೆ ಶೇ. 10ರಷ್ಟು ಕುಗ್ಗಿದ್ದು ಕಂಡಿತು. ಎರಡೂ ಸರಿ ಇರಬಹುದು. ಬಿಡಿ ದಾಳಿಯೊಂದನ್ನು ಆರ್ಥಿಕತೆ ನುಂಗಿಕೊಳ್ಳುತ್ತದೆ. ಮತ್ತೆ ಮತ್ತೆ ಆದರೆ ಜನ ಮುಂದಿನ ಹತ್ತು ವರ್ಷದ ಯೋಜನೆಯನ್ನೇ ಬದಲಿಸುತ್ತಾರೆ.

ಇನ್ನೊಂದು ತಕರಾರು ಹೆಚ್ಚು ಗಂಭೀರ. ಮೊದಲೇ ಸೊರಗಿದ್ದ ಊರುಗಳಲ್ಲೇ ದಾಳಿ ಜಾಸ್ತಿ ಆಗುತ್ತಿದ್ದರೆ? ಆಗ ಕಾರಣ ಯಾವುದು, ಪರಿಣಾಮ ಯಾವುದು? ಅಬೆಲ್ ಬ್ರೋಡರ್ ಇದಕ್ಕೆ ಜಾಣ ದಾರಿ ಹಿಡಿದರು. ಅಮೆರಿಕದಲ್ಲಿ ನಡೆದ ದಾಳಿಗಳನ್ನು ವಿಫಲವಾದ ದಾಳಿಗಳ ಜೊತೆ ಹೋಲಿಸಿದರು. ಬಾಂಬ್ ಸಿಡಿಯುವುದು, ಸಿಡಿಯದೇ ಇರುವುದು ಬಹುಮಟ್ಟಿಗೆ ಆಕಸ್ಮಿಕ. ಗುರಿಯಾದ ಊರುಗಳು ಮಾತ್ರ ಒಂದೇ ಬಗೆಯವು. ದಾಳಿ ಯಶಸ್ವಿಯಾದ ಕಡೆ ನಂತರದ ವರ್ಷಗಳಲ್ಲಿ ಉದ್ಯೋಗ ಮತ್ತು ಒಟ್ಟು ಗಳಿಕೆ ಸುಮಾರು ಶೇ. 2ರಷ್ಟು ಕಡಿಮೆಯಾಗಿತ್ತು.

ವಿಮೆ ಮತ್ತು ಮುಚ್ಚಿದ ಬೀದಿ

2001ಕ್ಕೆ ಮೊದಲು ಅಮೆರಿಕದಲ್ಲಿ ಕಟ್ಟಡದ ವಿಮೆ ಮಾಡಿಸಿದರೆ ಭಯೋತ್ಪಾದನೆಯ ನಷ್ಟವೂ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತಿತ್ತು, ಬೇರೆ ಕಂತು ಇರಲಿಲ್ಲ. ದಾಳಿಯ ನಂತರ ವಿಮಾ ಕಂಪನಿಗಳು ಹಿಂದೆ ಸರಿದವು. ಕಾರಣ ಲೆಕ್ಕದ್ದು. ಬೆಂಕಿ ಅನಾಹುತ ವರ್ಷಕ್ಕೆ ಎಷ್ಟಾಗುತ್ತದೆ ಎಂದು ಹಳೆಯ ಅಂಕಿಗಳಿಂದ ಹೇಳಬಹುದು. ಬೆಂಕಿ ಕಾವಲು ಇಲ್ಲದ ಮನೆ ಹುಡುಕಿಕೊಂಡು ಬರುವುದಿಲ್ಲ. ದಾಳಿಕೋರ ಬರುತ್ತಾನೆ. ಅಪಾಯ ಎಷ್ಟು ಎಂದು ಗೊತ್ತಾಗದಿದ್ದರೆ ಕಂತು ಎಷ್ಟು ಎಂದು ಹೇಳುವುದು ಹೇಗೆ?

ವಿಮೆ ಇಲ್ಲದಿದ್ದರೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಸಾಲ ಇಲ್ಲದಿದ್ದರೆ ಕಟ್ಟಡ ಏಳುವುದಿಲ್ಲ. ಹಾಗಾಗಿ ಸರ್ಕಾರಗಳು ನಡುವೆ ಬಂದವು. ಬ್ರಿಟನ್ನಿನಲ್ಲಿ ಇದು ಮೊದಲೇ ಆಗಿತ್ತು. 1992ರಲ್ಲಿ ಲಂಡನ್ನಿನ ಹಡಗು ವ್ಯಾಪಾರದ ಕೇಂದ್ರ ಬಾಲ್ಟಿಕ್ ಎಕ್ಸ್‌ಚೇಂಜ್ ಬಳಿ ಐಆರ್‌ಎ ಎಂಬ ಐರಿಷ್ ಸಶಸ್ತ್ರ ಸಂಘಟನೆ ಬಾಂಬ್ ಸಿಡಿಸಿದ ಮೇಲೆ, 1993ರಲ್ಲಿ ‘ಪೂಲ್ ರೀ’ ಹುಟ್ಟಿತು. ವಿಮಾ ಕಂಪನಿಗಳು ಅದರಲ್ಲಿ ದುಡ್ಡು ಕೂಡಿಸುತ್ತವೆ, ಅದೂ ಸಾಲದಿದ್ದರೆ ಸರ್ಕಾರ ಕೊಡುತ್ತದೆ. ಅಮೆರಿಕ 2002ರ ನವೆಂಬರ್‌ನಲ್ಲಿ ಕಾನೂನು ಮಾಡಿ ದೊಡ್ಡ ನಷ್ಟದ ಪಾಲು ತಾನು ಹೊರುವುದಾಗಿ ಹೇಳಿತು. ಭಾರತದ ವಿಮಾ ಕಂಪನಿಗಳೂ ಅದೇ ವರ್ಷ ಇಂಥದ್ದೊಂದು ಪೂಲ್ ಮಾಡಿಕೊಂಡವು.

ಇವೆಲ್ಲ ಹೆಚ್ಚಾಗಿ ಕಟ್ಟಡಕ್ಕೆ ಆಗುವ ಹಾನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ವ್ಯವಸ್ಥೆಗಳು. 2017ರ ಜೂನ್ 3ರಂದು ಲಂಡನ್ ಬ್ರಿಜ್ ಮತ್ತು ಪಕ್ಕದ ಬರೋ ಮಾರ್ಕೆಟ್‌ನಲ್ಲಿ ವ್ಯಾನ್ ಮತ್ತು ಚಾಕು ಬಳಸಿ ದಾಳಿ ನಡೆಯಿತು. ಎಂಟು ಜನ ಸತ್ತರು. ಅಂಗಡಿಗಳ ಗೋಡೆಗೆ ಹೇಳಿಕೊಳ್ಳುವಂಥ ಹಾನಿ ಆಗಿರಲಿಲ್ಲ. ಪೊಲೀಸ್ ತನಿಖೆಗಾಗಿ ಮಾರುಕಟ್ಟೆ ಜೂನ್ 14ರ ತನಕ ಮುಚ್ಚಿತ್ತು. ಬ್ರೆಡ್, ಚೀಸ್, ಮೀನು ಮಾರುವ ಸಣ್ಣ ವ್ಯಾಪಾರಿಗಳ ಸರಕು ಕೆಟ್ಟಿತು, ಅಷ್ಟು ದಿನದ ವಹಿವಾಟು ಹೋಯಿತು. ವಿಮೆ ಇದ್ದವರಿಗೂ ದುಡ್ಡು ಸಿಗುವುದು ಕಷ್ಟವಾಯಿತು. ಏನೂ ಒಡೆದಿಲ್ಲ, ಹಾಗಾಗಿ ಪರಿಹಾರ ಇಲ್ಲ ಎಂಬುದು ಪಾಲಿಸಿಯ ನಿಯಮ. ಇವರ್ಯಾರ ಹೆಸರೂ ಷೇರುಪೇಟೆಯಲ್ಲಿ ಇಲ್ಲ, ಈವೆಂಟ್ ಸ್ಟಡಿಗೆ ಇವರು ಸಿಕ್ಕುವುದೂ ಇಲ್ಲ.

ಕಟ್ಟಡಕ್ಕೆ ಹಾನಿಯಾಗದೆ ವ್ಯಾಪಾರ ಮಾತ್ರ ನಿಂತರೂ ಪೂಲ್ ರೀ ರಕ್ಷಣೆ ಕೊಡಬಹುದು ಎಂದು ಬ್ರಿಟನ್ 2019ರಲ್ಲಿ ಕಾನೂನು ತಿದ್ದಿತು. ಅದಕ್ಕೂ ಮೊದಲು ಆಗಿಹೋದ ನಷ್ಟ ಆ ತಿದ್ದುಪಡಿಯಡಿ ಬರಲಿಲ್ಲ.